ಕಪ್ಪೆ ಮನೆಯಲ್ಲಿರಲಿಲ್ಲ

ಎಲ್ಲರೂ ಒಮ್ಮೆ ಬಲಗೈ ಮೇಲೆತ್ತಿ. ಸಂಕೋಚ ಬೇಡ. ನಾಲ್ಕು ಬೆರಳು ಒಟ್ಟಿಗೆ ಸೇರಿಸಿ, ಹೆಬ್ಬೆರಳನ್ನು ಅವುಗಳ ಕೆಳಗೆ ತನ್ನಿ. ಬಾತುಕೋಳಿಯ ಕೊಕ್ಕಿನ ಹಾಗೆ ಆಯಿತಲ್ಲ? ಅದನ್ನು ತಲೆಗಿಂತ ಮೇಲೆ ಹಿಡಿದುಕೊಂಡೇ ಇರಿ. ನಾನು ನನ್ನ ಪಾಡಿಗೆ ಮಾತಾಡುತ್ತಿರುತ್ತೇನೆ. ಯಾರ ಕೈ ಮೊದಲು ಕೆಳಗೆ ಬರುತ್ತದೆ ನೋಡೋಣ.

ನನಗೆ ಈ ಗೊಂಬೆಗಳ ಹುಚ್ಚು ಹಿಡಿಸಿದ್ದು ಒಂದು ವಿಡಿಯೊ ಕ್ಯಾಸೆಟ್. ಎಂಬತ್ತರ ದಶಕದ ಮಾತು. ಲಂಡನ್ನಿನಲ್ಲಿದ್ದ ಚಿಕ್ಕಪ್ಪ ಅಲ್ಲಿನ ಟಿವಿಯಲ್ಲಿ ಬಂದದ್ದನ್ನೆಲ್ಲ ರೆಕಾರ್ಡ್ ಮಾಡಿ ತರುತ್ತಿದ್ದರು. ಎರಡು ಕ್ರಿಕೆಟ್ ಮ್ಯಾಚುಗಳ ನಡುವೆ 'ದಿ ಮಪೆಟ್ ಶೋ' ಎಂಬ ಅರ್ಧ ಗಂಟೆಯ ಗೊಂಬೆಯಾಟ ಸಿಕ್ಕಿಹಾಕಿಕೊಂಡಿತ್ತು. ಕ್ಯಾಸೆಟ್ ಅಮೆರಿಕದಿಂದ ಬಂದಿದ್ದರೆ ನಾನು ಇವತ್ತು ಇಲ್ಲಿ ನಿಲ್ಲುತ್ತಿರಲಿಲ್ಲ. ಅಲ್ಲಿನ ಟಿವಿ ಪದ್ಧತಿ ಎನ್‌ಟಿಎಸ್‌ಸಿ, ನಮ್ಮದು ಪಾಲ್. ನಮ್ಮ ವಿಸಿಆರ್‌ಗೆ ಹಾಕಿದರೆ ಚಿತ್ರ ಉರುಳುತ್ತಿತ್ತು. ಬ್ರಿಟನ್ನಿನದೂ ಪಾಲ್ ಆದ್ದರಿಂದ ಬಚಾವಾದೆ.

ಅದರಲ್ಲಿ ಒಂದು ಹಸಿರು ಕಪ್ಪೆ ನಾಟಕ ಕಂಪನಿ ನಡೆಸುತ್ತದೆ. ಒಂದು ಹಂದಿ ಆ ಕಪ್ಪೆಯನ್ನು ಪ್ರೀತಿಸುತ್ತದೆ, ಸಿಟ್ಟು ಬಂದರೆ ಎತ್ತಿ ಒಗೆಯುತ್ತದೆ. ಕರಡಿ ಜೋಕು ಹೇಳುತ್ತದೆ, ಯಾರೂ ನಗುವುದಿಲ್ಲ. ಬಾಲ್ಕನಿಯಲ್ಲಿ ಇಬ್ಬರು ಮುದುಕರು ಕೂತು ಎಲ್ಲವನ್ನೂ ಬಯ್ಯುತ್ತಾರೆ, ಆದರೆ ಮುಂದಿನ ವಾರ ತಪ್ಪದೆ ಬರುತ್ತಾರೆ. ನಮ್ಮ ಸಭೆಗಳಲ್ಲೂ ಅಂಥ ಇಬ್ಬರು ಇದ್ದೇ ಇರುತ್ತಾರೆ. ಇವತ್ತು ಎಲ್ಲಿ ಕೂತಿದ್ದಾರೋ ನನಗೆ ಕಾಣುತ್ತಿಲ್ಲ. ಆ ಗೊಂಬೆಗಳಾಡುವ ಇಂಗ್ಲಿಷ್ ನನಗೆ ಅರ್ಧವೂ ತಿಳಿಯುತ್ತಿರಲಿಲ್ಲ. ಆದರೆ ಕಪ್ಪೆಗೆ ಬೇಸರವಾದದ್ದು ತಿಳಿಯುತ್ತಿತ್ತು. ಬಟ್ಟೆಯ ಮುಖಕ್ಕೆ ಬೇಸರ ಎಲ್ಲಿಂದ ಬರುತ್ತದೆ? ಹತ್ತನೇ ವಯಸ್ಸಿಗೆ ಹಿಡಿದ ಈ ಪ್ರಶ್ನೆ ಇನ್ನೂ ನನ್ನನ್ನು ಬಿಟ್ಟಿಲ್ಲ.

ಎಷ್ಟು ಕೈ ಇಳಿದವು? ಹಿಂದಿನ ಸಾಲಿನಲ್ಲಿ ಒಬ್ಬರು ಎಡಗೈಯಿಂದ ಬಲಗೈಗೆ ಊರುಗೋಲು ಕೊಟ್ಟಿದ್ದಾರೆ. ಸರಿ, ಎಲ್ಲರೂ ಇಳಿಸಿ. ನಾನು ಮಾತು ಶುರು ಮಾಡಿ ಎರಡು ನಿಮಿಷವಷ್ಟೇ ಆಯಿತು. ಈ ಕಸುಬಿನವರು ದಿನವಿಡೀ ಹಾಗೆ ನಿಂತಿರುತ್ತಾರೆ, ಮೇಲೆ ಗೊಂಬೆಯ ಭಾರವೂ ಸೇರಿ. ಈ ಮಾತು ನೆನಪಿರಲಿ, ಆಮೇಲೆ ಬೇಕಾಗುತ್ತದೆ.

ಕಪ್ಪೆಯ ಹೆಸರು ಕರ್ಮಿಟ್. ಮಾಡಿದವರು ಜಿಮ್ ಹೆನ್ಸನ್, 1936ರಲ್ಲಿ ಮಿಸಿಸಿಪ್ಪಿ ರಾಜ್ಯದಲ್ಲಿ ಹುಟ್ಟಿದವರು. 1955ರಲ್ಲಿ ಅಮ್ಮ ಹಾಕುವುದು ಬಿಟ್ಟಿದ್ದ ಹಳೇ ಕೋಟೊಂದನ್ನು ಕತ್ತರಿಸಿ, ಪಿಂಗ್‌ಪಾಂಗ್ ಚೆಂಡನ್ನು ಎರಡು ಹೋಳು ಮಾಡಿ ಕಣ್ಣಿಗಿಟ್ಟು ಮೊದಲ ಕರ್ಮಿಟ್ ಹೊಲಿದರು. ಆಗ ಅದು ಕಪ್ಪೆ ಕೂಡ ಆಗಿರಲಿಲ್ಲ, ಹಲ್ಲಿಯಂಥ ಏನೋ ಒಂದು. ಕಪ್ಪೆತನ ಬರುವುದಕ್ಕೆ ಹತ್ತಾರು ವರ್ಷ ಹಿಡಿಯಿತು. ಆ ಮೊದಲ ಗೊಂಬೆ ಈಗ ವಾಷಿಂಗ್‌ಟನ್‌ನ ಸ್ಮಿತ್ಸೋನಿಯನ್ ಸಂಗ್ರಹದಲ್ಲಿದೆ. ಯಾರದೋ ಅಮ್ಮನ ಕೋಟು ರಾಷ್ಟ್ರದ ಸ್ವತ್ತಾಯಿತು.

ಈಗ ನಾನು ನೋಡಲು ಹೋದ ಹೆನ್ಸನ್ ಸ್ಟುಡಿಯೊ. ಲಾಸ್ ಏಂಜಲೀಸ್‌ನ ಹಾಲಿವುಡ್ ಭಾಗದಲ್ಲಿ ಲಾ ಬ್ರೇಯಾ ಅವೆನ್ಯೂ ಎಂಬ ದೊಡ್ಡ ರಸ್ತೆ ಇದೆ. ವಾಹನಗಳ ಗದ್ದಲದ ನಡುವೆ ಇದ್ದಕ್ಕಿದ್ದಂತೆ ಇಂಗ್ಲೆಂಡಿನ ಹಳ್ಳಿಯೊಂದರ ಮನೆಸಾಲು ಎದುರಾಗುತ್ತದೆ. ಇಳಿಜಾರು ಮಾಡು, ಬಿಳಿ ಗೋಡೆಯ ಮೇಲೆ ಮರದ ಪಟ್ಟಿಗಳು. ಕಟ್ಟಿಸಿದವರು ಚಾರ್ಲಿ ಚಾಪ್ಲಿನ್. 1917ರಲ್ಲಿ ಕೆಲಸ ಶುರುವಾಯಿತು. ಮುಂದೆ ಚಾಪ್ಲಿನ್ನರ ದೊಡ್ಡ ಚಿತ್ರಗಳೆಲ್ಲ ಇಲ್ಲಿ ತಯಾರಾದವು. 1952ರಲ್ಲಿ ಅವರು ಅಮೆರಿಕ ಬಿಟ್ಟರು, ಮರುವರ್ಷ ಜಾಗ ಮಾರಿದರು. 1966ರಿಂದ ಎ ಆ್ಯಂಡ್ ಎಂ ಎಂಬ ಗ್ರಾಮಫೋನ್ ಕಂಪನಿ ಅಲ್ಲಿತ್ತು. ಆಫ್ರಿಕದ ಬರ ಪರಿಹಾರಕ್ಕೆ ಅಮೆರಿಕದ ಗಾಯಕರೆಲ್ಲ ಸೇರಿ 1985ರ ಜನವರಿಯಲ್ಲಿ ಒಂದೇ ರಾತ್ರಿ ಹಾಡಿದ 'ವಿ ಆರ್ ದಿ ವರ್ಲ್ಡ್' ಹಾಡು ನಿಮಗೆ ಗೊತ್ತಲ್ಲ, ಅದು ರೆಕಾರ್ಡ್ ಆದದ್ದು ಇದೇ ಆವರಣದಲ್ಲಿ. 2000ದಲ್ಲಿ ಹೆನ್ಸನ್ ಕಂಪನಿ ಇದನ್ನು ಕೊಂಡಿತು. ಗೇಟಿನ ಮೇಲೆ ಹನ್ನೆರಡು ಅಡಿಯ ಕರ್ಮಿಟ್ ಪ್ರತಿಮೆ ನಿಲ್ಲಿಸಿದರು, ಅದೂ ಚಾಪ್ಲಿನ್ ವೇಷದಲ್ಲಿ. ಹಳೆಯ ಯಜಮಾನನಿಗೆ ಹೊಸ ಯಜಮಾನ ಹಾಕಿದ ನಮಸ್ಕಾರ ಅಂತ ನಾನು ತಿಳಿದುಕೊಂಡೆ.

ನಾನು ಆ ಫುಟ್‌ಪಾತಿನ ಮೇಲೆ ಹೆಚ್ಚುಕಡಿಮೆ ಅರ್ಧ ಗಂಟೆ ನಿಂತಿದ್ದೆ. ಫೋಟೊ ತೆಗೆದೆ, ರಸ್ತೆ ದಾಟಿ ಆ ಕಡೆಯಿಂದಲೂ ತೆಗೆದೆ. ಅಷ್ಟರಲ್ಲಿ ನನಗೆ ಮೊದಲೇ ಗೊತ್ತಿದ್ದ, ಆದರೆ ಮನಸ್ಸು ಒಪ್ಪದೆ ಇದ್ದ ಒಂದು ಸಂಗತಿ ತಲೆಯೊಳಗೆ ಇಳಿಯಿತು. ಗೇಟಿನ ಮೇಲೆ ಕಪ್ಪೆ ಇದೆ, ಒಳಗೆ ಇಲ್ಲ.

ಇದರ ಕತೆ ಸ್ವಲ್ಪ ವ್ಯವಹಾರದ್ದು, ಬೇಗ ಮುಗಿಸುತ್ತೇನೆ. ಜಿಮ್ ಹೆನ್ಸನ್ ತೀರಿಕೊಂಡದ್ದು 1990ರ ಮೇ 16ರಂದು, 53ನೇ ವಯಸ್ಸಿನಲ್ಲಿ, ಶ್ವಾಸಕೋಶಕ್ಕೆ ಸೋಂಕು ತಗಲಿ, ಕೆಲವೇ ದಿನಗಳಲ್ಲಿ. ಡಿಸ್ನಿಗೆ ಕಂಪನಿ ಮಾರುವ ಮಾತುಕತೆ ಆಗಲೇ ನಡೆಯುತ್ತಿತ್ತು, ಅದು ಮುರಿದುಬಿತ್ತು. 2000ದಲ್ಲಿ ಜರ್ಮನಿಯ ಇಎಂ.ಟಿವಿ ಎಂಬ ಕಂಪನಿ 68 ಕೋಟಿ ಡಾಲರಿಗೆ ಕೊಂಡು ಕೈಸುಟ್ಟುಕೊಂಡಿತು. 2003ರಲ್ಲಿ ಹೆನ್ಸನ್ ಮಕ್ಕಳೇ ಅದರ ಸಣ್ಣ ಪಾಲಿನಷ್ಟು ಹಣಕ್ಕೆ ಅಪ್ಪನ ಕಂಪನಿಯನ್ನು ವಾಪಸ್ ತೆಗೆದುಕೊಂಡರು. ಆದರೆ 2004ರಲ್ಲಿ ಕರ್ಮಿಟ್, ಆ ಹಂದಿ ಮಿಸ್ ಪಿಗ್ಗಿ ಮುಂತಾದ ಮಪೆಟ್‌ಗಳು ಡಿಸ್ನಿಗೆ ಹೋದವು. ಮಕ್ಕಳ ಟಿವಿ ಕಾರ್ಯಕ್ರಮ 'ಸೆಸಮಿ ಸ್ಟ್ರೀಟ್'ನ ಬಿಗ್ ಬರ್ಡ್, ಅರ್ನಿ, ಕುಕಿ ಮಾನ್‌ಸ್ಟರ್ ಅದಕ್ಕೂ ಮೊದಲೇ ಸೆಸಮಿ ವರ್ಕ್‌ಶಾಪ್ ಸಂಸ್ಥೆಯ ಪಾಲಾಗಿದ್ದವು. ಒಂದೇ ತಂದೆಯ ಗೊಂಬೆಗಳು, ಮೂರು ಮನೆ. ಆಸ್ತಿ ಪಾಲಾದ ಕುಟುಂಬಗಳನ್ನು ನೋಡಿದವರಿಗೆ ಇದು ಹೊಸತೇನಲ್ಲ.

ಹಾಗಾದರೆ ನಾನು ಹೋದದ್ದು ಯಾಕೆ? ಆ ದಿನಗಳಲ್ಲಿ ಹೆನ್ಸನ್ ಕಂಪನಿಯವರು ಆವರಣದ ಹಳೆಯ ಸೌಂಡ್ ಸ್ಟೇಜಿನಲ್ಲಿ 'ಪಪೆಟ್ ಅಪ್' ಅನ್ನುವ ಪ್ರದರ್ಶನ ಇಡುತ್ತಿದ್ದರು. ಜಿಮ್ ಅವರ ಮಗ ಬ್ರಯಾನ್ ಹೆನ್ಸನ್ ಅದನ್ನು ರೂಪಿಸಿದವರಲ್ಲಿ ಒಬ್ಬರು. ದೊಡ್ಡವರಿಗೆ ಮಾತ್ರ, ಮಾತು ಸ್ವಲ್ಪ ಪೋಲಿ. ಸ್ಕ್ರಿಪ್ಟ್ ಇಲ್ಲ. ಪ್ರೇಕ್ಷಕರು ಕೂಗಿ ಹೇಳಿದ ವಿಷಯಕ್ಕೆ ನಿಂತ ನಿಲುವಿನಲ್ಲೇ ದೃಶ್ಯ ಕಟ್ಟುತ್ತಾರೆ. ನಮ್ಮ ತಾಳಮದ್ದಳೆಯ ಅರ್ಥಧಾರಿಗಳು ಮಾತಿಗೆ ಮಾತು ಹುಟ್ಟಿಸುವುದನ್ನು ಕಂಡವರಿಗೆ ಈ ಚುರುಕು ಕೂಡಲೇ ಗುರುತು ಸಿಗುತ್ತದೆ. ಪ್ರಸಂಗದ ಪದ್ಯವೂ ಇಲ್ಲದ ತಾಳಮದ್ದಳೆ ಅಂದುಕೊಳ್ಳಿ.

ನಾನು ಸೀಟು ಹಿಡಿದು ಕೂತೆ. ಮುಂದೆ ಖಾಲಿ ನೆಲ. ಪರದೆ ಇಲ್ಲ, ಅಡ್ಡಗೋಡೆ ಇಲ್ಲ. ಹಿಂದೆ ಒಂದು ಸ್ಟ್ಯಾಂಡಿನ ಮೇಲೆ ಗೊಂಬೆಗಳು, ಒಗೆದು ಒಣಹಾಕಿದ ಬಟ್ಟೆಯ ಹಾಗೆ. ಎದುರಿಗೆ ಒಂದು ಕ್ಯಾಮೆರಾ, ಮೇಲೆ ದೊಡ್ಡ ಪರದೆಗಳು. ನಲವತ್ತು ವರ್ಷ ನನ್ನಿಂದ ಮುಚ್ಚಿಟ್ಟದ್ದನ್ನು ಇವರು ಬಚ್ಚಿಡುವ ಗೋಜಿಗೇ ಹೋಗಿರಲಿಲ್ಲ. ಐದಾರು ಜನ ಬಂದರು. ಸ್ಟ್ಯಾಂಡಿನಿಂದ ಒಬ್ಬರು ಒಂದು ಗೊಂಬೆಯನ್ನು ಎತ್ತಿಕೊಂಡರು. ಅದರ ಕತ್ತು ಜೋತುಬಿದ್ದಿತ್ತು, ಬಾಯಿ ಸೊಟ್ಟಗಿತ್ತು. ಕೈ ತೂರಿಸಿದರು. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಗೊಂಬೆ ನಿಧಾನವಾಗಿ ತಲೆಯೆತ್ತಿ ನಮ್ಮನ್ನೆಲ್ಲ ಎಡದಿಂದ ಬಲಕ್ಕೆ ಒಮ್ಮೆ ನೋಡಿತು. ಪಕ್ಕದಲ್ಲಿ ಕೂತಿದ್ದವರು ಸುಮ್ಮನೆ ನಕ್ಕುಬಿಟ್ಟರು. ಅದು ಇನ್ನೂ ಬಾಯಿಯೇ ತೆರೆದಿರಲಿಲ್ಲ.

ಅಲ್ಲಿ ಎರಡು ಆಟ ಒಟ್ಟಿಗೆ ನಡೆಯುತ್ತವೆ. ಮೇಲೆ ಪರದೆಯಲ್ಲಿ ಗೊಂಬೆಗಳ ಆಟ, ಟಿವಿಯಲ್ಲಿ ಕಂಡಂತೆ ಚೊಕ್ಕ. ಕೆಳಗೆ ನೆಲದ ಮೇಲೆ ಮನುಷ್ಯರ ಆಟ: ಒಬ್ಬರ ಕಂಕುಳಲ್ಲಿ ಇನ್ನೊಬ್ಬರ ತಲೆ, ಒಬ್ಬರ ಬೆನ್ನಿಗೆ ಒರಗಿ ಇನ್ನೊಬ್ಬರು, ಎಲ್ಲರ ಬಲಗೈಯೂ ಮೇಲೆ. ಯಾವುದನ್ನು ನೋಡಬೇಕು? ನಾನು ಮೊದಲು ಕೆಳಗೆ ನೋಡಿದೆ, ಗುಟ್ಟು ಅಲ್ಲಿದೆಯಲ್ಲ ಅಂತ. ಹತ್ತು ನಿಮಿಷದಲ್ಲಿ ನನ್ನ ಕಣ್ಣು ತಾನಾಗಿ ಗೊಂಬೆಯ ಕಡೆಗೆ ಹೋಗಿತ್ತು. ಅದನ್ನು ಹಿಡಿದ ಮನುಷ್ಯ ಒಂದಡಿ ಕೆಳಗೆ, ಬೆವರುತ್ತಾ, ತುಟಿ ಅಲ್ಲಾಡಿಸುತ್ತಾ ನಿಂತಿದ್ದಾರೆ. ನನಗೆ ಕಾಣುತ್ತಿಲ್ಲ.

ಆದರೆ ಆ ಹತ್ತು ನಿಮಿಷದಲ್ಲಿ ಒಂದು ವಿಷಯ ಗಮನಿಸಿದೆ. ಅದನ್ನು ಹೇಳುವುದಕ್ಕೇ ನಾನು ಈ ಹೊತ್ತು ಬಂದದ್ದು. ಆ ಐದಾರು ಜನರಲ್ಲಿ ಒಬ್ಬರೂ ತಮ್ಮ ಕೈಯಲ್ಲಿರುವ ಗೊಂಬೆಯನ್ನು ನೋಡುತ್ತಿರಲಿಲ್ಲ. ಎಲ್ಲರ ಕಣ್ಣೂ ಕೆಳಗೆ ಮುಂದಿಟ್ಟಿದ್ದ ಸಣ್ಣ ಮಾನಿಟರಿನ ಮೇಲೆ. ಕ್ಯಾಮೆರಾ ಏನು ನೋಡುತ್ತಿದೆಯೋ, ಅಂದರೆ ನಾವು ಏನು ನೋಡುತ್ತಿದ್ದೇವೋ, ಅದನ್ನೇ ಅವರೂ ನೋಡುತ್ತಿದ್ದಾರೆ. ನಮ್ಮ ಸೂತ್ರದ ಗೊಂಬೆಯಾಟದಲ್ಲಿ ಆಡಿಸುವವರು ಮೇಲಿನಿಂದ ಬಗ್ಗಿ ಗೊಂಬೆಯ ನೆತ್ತಿ ನೋಡುತ್ತಾರೆ. ಅದರ ಮುಖ ಪ್ರೇಕ್ಷಕರಿಗೆ ಹೇಗೆ ಕಾಣುತ್ತದೆ ಎನ್ನುವುದು ಅವರಿಗೆ ಅಭ್ಯಾಸದಿಂದ ತಿಳಿದ ಅಂದಾಜು. ಇಲ್ಲಿ ಅಂದಾಜಿಲ್ಲ. ಆಡಿಸುವವರೇ ಮೊದಲ ಪ್ರೇಕ್ಷಕರು.

ಇದು ಹೆನ್ಸನ್ ಕಂಡುಕೊಂಡ ದಾರಿ. 1955ರಲ್ಲಿ ವಾಷಿಂಗ್‌ಟನ್ನಿನ ಡಬ್ಲ್ಯುಆರ್‌ಸಿ ಟಿವಿಯಲ್ಲಿ ಅವರಿಗೆ ಐದು ನಿಮಿಷದ ಕಾರ್ಯಕ್ರಮ ಸಿಕ್ಕಿತು, 'ಸ್ಯಾಮ್ ಆ್ಯಂಡ್ ಫ್ರೆಂಡ್ಸ್'. ಜೊತೆಗಿದ್ದವರು ಕಾಲೇಜಿನ ಸಹಪಾಠಿ ಜೇನ್ ನೆಬೆಲ್, ಮುಂದೆ ಮದುವೆಯಾದರು. ಆ ಕಾಲದ ಟಿವಿ ಗೊಂಬೆಯಾಟಗಳಲ್ಲಿ ಸಾಮಾನ್ಯವಾಗಿ ಒಂದು ಪುಟ್ಟ ರಂಗಮಂಟಪ ಕಟ್ಟಿ ಅದನ್ನು ಕ್ಯಾಮೆರಾದಿಂದ ತೋರಿಸುತ್ತಿದ್ದರು. ಟಿವಿ ಪೆಟ್ಟಿಗೆಗೆ ಆಗಲೇ ನಾಲ್ಕು ಅಂಚುಗಳಿವೆ, ಅದೇ ರಂಗಮಂಟಪ, ಇನ್ನೊಂದು ಯಾಕೆ ಎಂಬುದು ಹೆನ್ಸನ್ ದಂಪತಿಯ ಲೆಕ್ಕ. ಮಂಟಪ ತೆಗೆದುಹಾಕಿದರು. ಅಂಚಿನ ಕೆಳಗೆ ಅಡಗಿ ನಿಂತರು. ನಿಂತ ಮೇಲೆ ಗೊಂಬೆ ಅಂಚಿನೊಳಗಿದೆಯೋ ಹೊರಗಿದೆಯೋ ನೋಡುವುದಕ್ಕೆ ಮಾನಿಟರ್ ಬೇಕೇ ಬೇಕಾಯಿತು.

ಒಂದು ತೊಡಕಿದೆ. ಮಾನಿಟರ್ ಕನ್ನಡಿಯಲ್ಲ. ನೀವು ಕ್ಯಾಮೆರಾಗೆ ಮುಖ ಮಾಡಿ ನಿಂತು ಗೊಂಬೆಯನ್ನು ನಿಮ್ಮ ಬಲಕ್ಕೆ ಸರಿಸಿದರೆ ಪರದೆಯಲ್ಲಿ ಅದು ಎಡಕ್ಕೆ ಹೋಗುತ್ತದೆ. ಬೆಳಿಗ್ಗೆ ಕನ್ನಡಿ ನೋಡಿ ತಲೆ ಬಾಚಿ ಬೆಳೆದವರಿಗೆ ಇದು ತಲೆಕೆಳಗು. ಹೊಸಬರು ಸರಿ ಮಾಡಲು ಹೋಗಿ ಇನ್ನಷ್ಟು ತಪ್ಪು ಮಾಡಿ, ಅಂಚಿನಿಂದಾಚೆ ಮಾಯವಾಗುತ್ತಾರೆ. ಹಳಬರಿಗೆ ಅದು ಸೈಕಲ್ ಓಡಿಸಿದ ಹಾಗೆ, ಯೋಚನೆಗೆ ಬಿಡುವೇ ಇಲ್ಲ.

ಬಿಗ್ ಬರ್ಡ್ ಕತೆ ಹೇಳದೆ ಮುಂದೆ ಹೋಗಲಾರೆ, ವಿಷಯಾಂತರ ಅನ್ನಿಸಿದರೂ ಪರವಾಗಿಲ್ಲ. ಎಂಟು ಅಡಿ ಎರಡು ಅಂಗುಲದ ಹಳದಿ ಹಕ್ಕಿ. 1969ರಿಂದ ಸುಮಾರು ಅರ್ಧ ಶತಮಾನ ಅದರೊಳಗಿದ್ದವರು ಕ್ಯಾರಲ್ ಸ್ಪಿನ್ನಿ. ಬಲಗೈ ಪೂರ್ತಿ ಮೇಲೆ, ಹಕ್ಕಿಯ ತಲೆಯೊಳಗೆ. ಕಿರುಬೆರಳಿನಲ್ಲಿ ಕಣ್ಣಿನ ಸೂತ್ರ. ಎಡಗೈ ಎಡ ರೆಕ್ಕೆಯೊಳಗೆ. ಬಲ ರೆಕ್ಕೆಗೆ ಕೈಯೇ ಉಳಿಯಲಿಲ್ಲವಲ್ಲ? ಅದಕ್ಕೊಂದು ಮೀನುಗಾಳದ ದಾರ ಕಟ್ಟಿ, ಕತ್ತಿನ ಕೆಳಗಿನ ಕುಣಿಕೆಯಲ್ಲಿ ತೂರಿಸಿ ಎಡಗೈಗೆ ತಂದರು. ಎಡ ರೆಕ್ಕೆ ಕೆಳಗಿಳಿದರೆ ಬಲದ್ದು ಮೇಲೇಳುತ್ತದೆ. ಇನ್ನು ಮುಂದೆ ಮತ್ತೆ ಬಿಗ್ ಬರ್ಡ್ ನೋಡಿದರೆ ನೀವು ಇದನ್ನು ಬಿಟ್ಟು ಬೇರೇನೂ ನೋಡುವುದಿಲ್ಲ, ಕ್ಷಮಿಸಿ. ಒಳಗೆ ಕತ್ತಲೆ, ಹೊರಗಿನದು ಕಾಣದು. ಎದೆಗೆ ಒಂದು ಪುಟ್ಟ ಟಿವಿ ಕಟ್ಟಿಕೊಂಡು, ಅದರಲ್ಲಿ ತನ್ನನ್ನೇ ಹೊರಗಿನಿಂದ ನೋಡುತ್ತಾ, ಆ ಮನುಷ್ಯ ನಡೆದರು, ಕುಣಿದರು, ಸ್ಕೇಟಿಂಗ್ ಕೂಡ ಮಾಡಿದರು.

1990ರ ಮೇ 21ರಂದು ನ್ಯೂಯಾರ್ಕಿನ ದೊಡ್ಡ ಚರ್ಚಿನಲ್ಲಿ ಹೆನ್ಸನ್ ಸ್ಮರಣೆಯ ಸಭೆ. ಯಾರೂ ಕಪ್ಪು ಬಟ್ಟೆ ಹಾಕಬಾರದು ಎನ್ನುವುದು ಅವರ ಕೊನೆಯ ಆಸೆಯಾಗಿತ್ತು. ಅಲ್ಲಿ ಬಿಗ್ ಬರ್ಡ್ ಒಂಟಿಯಾಗಿ ಬಂದು, ಕರ್ಮಿಟ್‌ನ ಪ್ರಸಿದ್ಧ ಹಾಡನ್ನು ಹಾಡಿ, ಕೊನೆಗೆ 'ಥ್ಯಾಂಕ್ ಯು, ಕರ್ಮಿಟ್' ಅಂದಿತು. ಸ್ಪಿನ್ನಿ ಒಳಗೆ ಅಳುತ್ತಿದ್ದಿರಬೇಕು, ಹಕ್ಕಿಯ ಕಣ್ಣಲ್ಲಿ ನೀರು ಬರಲು ಸಾಧ್ಯವಿಲ್ಲ. ಆ ವಿಡಿಯೊವನ್ನು ನಾನು ಇವತ್ತಿಗೂ ಪೂರ್ತಿ ನೋಡಲಾರೆ.

ಈಗ ಹತ್ತನೇ ವಯಸ್ಸಿನ ಪ್ರಶ್ನೆಗೆ ಬರೋಣ. ಮತ್ತೆ ಕೈ ಎತ್ತಿ, ಕೊಕ್ಕು ಮಾಡಿ. ಅದರಿಂದ 'ಬಂದೆಯಾ' ಅನ್ನಿಸಿ. ನಿಧಾನವಾಗಿ. ಬಂ... ದೆ... ಯಾ... ಹೆಚ್ಚಿನವರು ಅಕ್ಷರ ಬಂದಾಗ ಬಾಯಿ ಮುಚ್ಚುತ್ತಿದ್ದೀರಿ. ಹಾಗೆ ಮಾಡಿದರೆ ಗೊಂಬೆ ಮಾತನ್ನು ಆಡುವುದಿಲ್ಲ, ನುಂಗುತ್ತದೆ. ಅಕ್ಷರಕ್ಕೆ ಬಾಯಿ ತೆರೆಯಬೇಕು. ತೆರೆಯುವಾಗ ಮೇಲಿನ ನಾಲ್ಕು ಬೆರಳು ಎದ್ದೇಳಬಾರದು, ಹೆಬ್ಬೆರಳು ಕೆಳಗಿಳಿಯಬೇಕು. ನಾವು ಮಾತಾಡುವಾಗ ಇಳಿಯುವುದು ಕೆಳದವಡೆ, ಬುರುಡೆ ಹಿಂದಕ್ಕೆ ಬೀಳುವುದಿಲ್ಲವಲ್ಲ. ಹಾಂ, ಈಗ ನೋಡಿ, ಈ ಕಡೆಯಿಂದ ಇನ್ನೂರು ಬಾತುಕೋಳಿ ನನ್ನನ್ನು ಬಂದೆಯಾ ಅಂತ ಕೇಳುತ್ತಿವೆ. ಇನ್ನೊಂದೇ ಒಂದು. ತೋಳು ನೆಟ್ಟಗಿದ್ದರೆ ಗೊಂಬೆ ಸೂರು ನೋಡುತ್ತದೆ. ಮಣಿಕಟ್ಟು ಮುಂದಕ್ಕೆ ಬಗ್ಗಿಸಿ, ನೋವಾಗುವಷ್ಟು ಬಗ್ಗಿಸಿ. ಈಗ ಅದು ನನ್ನನ್ನು ನೋಡುತ್ತಿದೆ.

ಬೇಸರ ಬಂದದ್ದು ಅಲ್ಲಿಂದ. ಕರ್ಮಿಟ್ ಮುಖದೊಳಗೆ ಯಂತ್ರವಿಲ್ಲ, ಮೃದು ಬಟ್ಟೆ, ಒಳಗೆ ಕೈ. ಮುಷ್ಟಿ ಬಿಗಿದರೆ ಬಾಯಿ ಒಳಕ್ಕೆ ಮಡಚಿ ಸಿಡುಕು ಬರುತ್ತದೆ. ಮುಖ ಎರಡಂಗುಲ ಬಾಗಿ ಕಣ್ಣು ನೆಲಕ್ಕೆ ಹೋದರೆ ಬೇಸರ. ಮಿಕ್ಕದ್ದನ್ನು ತುಂಬಿದ್ದು ಹತ್ತು ವರ್ಷದ ನಾನು. ಹೆನ್ಸನ್ ಬಳಗದಲ್ಲಿ ಗೊಂಬೆ ಕಟ್ಟುವ ಡಾನ್ ಸಾಲಿನ್ ಎಂಬವರಿದ್ದರು. ಎರಡು ಕಣ್ಣು ಮತ್ತು ಮೂಗಿನ ನಡುವಿನ ತ್ರಿಕೋನದ ಮೇಲೆ ಅವರ ಎಲ್ಲ ಕಸುಬೂ ನಿಂತಿತ್ತು. ಕಣ್ಣಿನ ಕಪ್ಪು ಬೊಟ್ಟನ್ನು ಮಾತ್ರ ಕೊನೆಗೆ, ಹೆನ್ಸನ್ ಎದುರಿಗೇ ಇಡುತ್ತಿದ್ದರಂತೆ. ಬೊಟ್ಟುಗಳು ಒಂಚೂರು ಒಳಮುಖವಾಗಿದ್ದರೆ ಗೊಂಬೆ ಯಾರನ್ನೋ ನೋಡುತ್ತದೆ, ಇಲ್ಲವಾದರೆ ಬರೀ ಕಣ್ಣು ಬಿಟ್ಟುಕೊಂಡಿರುತ್ತದೆ. ಎರಡು ಬಟ್ಟೆ ತುಂಡುಗಳ ನಡುವೆ ಹೊಲಿಗೆ ಕಾಣದಂತೆ ಹೊಲಿದು, ಮೇಲಿನ ಜುಂಗನ್ನು ಎಳೆದು ಮುಚ್ಚುವ ಅವರ ವಿಧಾನಕ್ಕೆ ಹೆನ್ಸನ್ ಹೊಲಿಗೆ ಎಂದೇ ಹೆಸರು. ಹೆಸರು ಧಣಿಗೆ ಹೋಯಿತು, ಸೂಜಿ ಹಿಡಿದವರಿಗಲ್ಲ.

ಒಂಟಿ ಮನುಷ್ಯನ ಪ್ರತಿಭೆ ಅಂತ ನಾವು ಹೇಳುವ ಕತೆಗೂ ಈ ಗೊಂಬೆಗಳು ಒಗ್ಗುವುದಿಲ್ಲ. ರಾಲ್ಫ್ ಎಂಬ ನಾಯಿ ಇದೆ, ಪಿಯಾನೊ ಬಾರಿಸುತ್ತದೆ. ಅದರ ಕೈಗಳು ಕಡ್ಡಿಯಲ್ಲಾಡಿಸುವ ಕೈಗಳಲ್ಲ, ಒಳಗೆ ನಿಜವಾದ ಕೈಯೇ ಇದೆ. ಹೆನ್ಸನ್ನರ ಬಲಗೈ ತಲೆಯಲ್ಲಿ, ಎಡಗೈ ನಾಯಿಯ ಎಡಗೈಯಲ್ಲಿ. ನಾಯಿಯ ಬಲಗೈ ಬೇರೆಯವರದು. 1963ರಲ್ಲಿ ಹತ್ತೊಂಬತ್ತರ ಹುಡುಗನಾಗಿ ಬಂದು ಸೇರಿದ ಫ್ರಾಂಕ್ ಆಜ಼್ ಮೊದಮೊದಲು ಆ ಬಲಗೈಯೇ ಆಗಿದ್ದರು. ಒಬ್ಬರ ಯೋಚನೆಗೆ ಇನ್ನೊಬ್ಬರು ಚಪ್ಪಾಳೆ ತಟ್ಟಬೇಕು, ಅದೂ ಹೇಳದೆ ಕೇಳದೆ. ಮುಂದೆ ಮಿಸ್ ಪಿಗ್ಗಿಗೆ ಜೀವ ಕೊಟ್ಟವರು ಇದೇ ಆಜ಼್. ಬಲಗೈಯಾಗಿ ಕಲಿತದ್ದು ವ್ಯರ್ಥವಾಗಲಿಲ್ಲ.

ಪ್ರದರ್ಶನ ಮುಗಿದ ಮೇಲೆ ಆವರಣದಲ್ಲಿ ಸ್ವಲ್ಪ ಓಡಾಡಿದೆ. ಹಳೆಯ ಮನೆಗಳು, ಮಬ್ಬು ದೀಪ. ಯಾವ ಕೋಣೆಯಲ್ಲೂ ಕಪ್ಪೆ ಇರಲಿಲ್ಲ. ವಿಚಿತ್ರವೆಂದರೆ ಅಷ್ಟು ಹೊತ್ತಿಗೆ ನಾನು ಅದನ್ನು ಹುಡುಕುತ್ತಲೂ ಇರಲಿಲ್ಲ. 2024ರಲ್ಲಿ ಆ ಸ್ಟುಡಿಯೊ ಕೂಡ ಮಾರಾಟದ ಸುದ್ದಿಗೆ ಬಂತು. ಕೊಂಡವರು ಗಾಯಕ ಜಾನ್ ಮೇಯರ್ ಮತ್ತು ನಿರ್ದೇಶಕ ಮ್ಯಾಕ್‌ಜಿ. ಸ್ನೇಹಿತರೆಲ್ಲ ನನಗೆ ಸಂತಾಪದ ಮೆಸೇಜು ಕಳಿಸಿದರು. ನಾನು ಅಂದುಕೊಂಡಷ್ಟು ನೋವಾಗಲಿಲ್ಲ.

ಕೊನೆಯದಾಗಿ ಇನ್ನೊಂದು ಊರು. ನ್ಯೂಯಾರ್ಕಿನ ಕ್ವೀನ್ಸ್ ಭಾಗದಲ್ಲಿ ಚಲನಚಿತ್ರ, ಟಿವಿಗಳಿಗೆ ಮೀಸಲಾದ ಒಂದು ವಸ್ತುಸಂಗ್ರಹಾಲಯವಿದೆ. 2017ರಿಂದ ಅಲ್ಲಿ ಹೆನ್ಸನ್ ಪ್ರದರ್ಶನ ಕಾಯಂ ಆಗಿದೆ. ಗಾಜಿನ ಹಿಂದೆ ಕರ್ಮಿಟ್ ಇದ್ದಾನೆ, ಕೊನೆಗೂ ಸಿಕ್ಕ. ಆದರೆ ಕೈಯಿಲ್ಲದ ಕರ್ಮಿಟ್. ಅವನೆದುರು ಎರಡು ನಿಮಿಷ ನಿಂತು ಮುಂದೆ ಹೋದೆ. ಮುಂದೆ ಒಂದು ಮೂಲೆಯಲ್ಲಿ ಕ್ಯಾಮೆರಾ, ಮಾನಿಟರು ಇಟ್ಟಿದ್ದರು. ಬಂದವರು ತಾವೇ ಗೊಂಬೆ ಆಡಿಸಿ ನೋಡಬಹುದು. ಐವತ್ತರ ಹತ್ತಿರದ ನಾನು ಮಕ್ಕಳ ಸಾಲಿನಲ್ಲಿ ನಿಂತೆ. ನನ್ನ ಸರದಿ ಬಂತು. ಕೈ ತೂರಿಸಿ ಮೇಲೆತ್ತಿದೆ. ಬಲಕ್ಕೆ ಹೋಗಲು ಹೋಗಿ ಅಂಚಿನಿಂದಾಚೆ ಬಿದ್ದೆ, ಮತ್ತೆ ಬಂದೆ. ಹೇಗೋ ನಡುವೆ ನಿಂತೆ. ಭುಜ ಉರಿಯುತ್ತಿತ್ತು.

ಪಕ್ಕದಲ್ಲಿ ಐದಾರು ವರ್ಷದ ಹುಡುಗಿಯೊಬ್ಬಳು ಪರದೆ ನೋಡುತ್ತಿದ್ದಳು. ನಾನು ಅವಳ ಪಕ್ಕದಲ್ಲೇ ಇದ್ದೆ, ಒಂದು ಮೊಳ ದೂರದಲ್ಲಿ, ಏದುಸಿರು ಬಿಡುತ್ತಾ. ಅವಳು ನನ್ನ ಕಡೆ ತಿರುಗಲೇ ಇಲ್ಲ. ಪರದೆಯಲ್ಲಿದ್ದ ಗೊಂಬೆಯನ್ನೇ ಕೇಳಿದಳು:

"ನೀನು ಯಾಕೆ ಮೇಲೆ ನೋಡ್ತಾ ಇದ್ದೀಯ?"

ನಾನು ಮಣಿಕಟ್ಟು ಬಗ್ಗಿಸಿದೆ. ಪರದೆಯಲ್ಲಿ ಗೊಂಬೆ ಮೆಲ್ಲಗೆ ಮುಖ ಇಳಿಸಿ ಅವಳನ್ನು ನೋಡಿತು. ಅವಳು ಒಂದು ಹೆಜ್ಜೆ ಮುಂದೆ ಬಂದು ಅದಕ್ಕೆ ತನ್ನ ಹೆಸರು ಹೇಳಿದಳು.